ಹಗ್ಗ ಎಳೆದರೆ ಸಾಲದು

ಕುಂದಾಪುರದ ಹತ್ತಿರ ಹೊಳೆಯ ದಂಡೆಯಲ್ಲಿ ನನ್ನ ಭಾವನ ಮನೆ. ಎದುರಿನ ಕುದ್ರುವಿನಲ್ಲಿ ಅವರ ತೆಂಗಿನ ತೋಟ. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಹೋಗಿಬರಲು ಒಂದು ದೋಣಿ, ಅದರ ಹಿಂಬದಿಗೆ ಸಿಕ್ಕಿಸುವ ಚಿಕ್ಕ ಔಟ್‌ಬೋರ್ಡ್ ಮೋಟಾರು.

ಮೊಣಕಾಲಿನ ಆಪರೇಷನ್ ಆದ ಮೇಲೆ ಭಾವ ದೋಣಿ ಹತ್ತಿರಲಿಲ್ಲ. ಓಡಾಡಬಹುದೆಂದು ಡಾಕ್ಟರು ಹೇಳಿ ತಿಂಗಳುಗಳೇ ಕಳೆದಿದ್ದವು. ಅವರೇ ಹೊರಡುತ್ತಿರಲಿಲ್ಲ. ಒಂದೂವರೆ ವರ್ಷದಿಂದ ಮೋಟಾರು ಕೊಟ್ಟಿಗೆಯಲ್ಲಿತ್ತು. "ಮಾರಿಬಿಡುತ್ತೇನೆ ಮಾರಾಯ್ರೆ" ಎಂದಾಗ ನನಗೆ ಬೇಸರವಾಯಿತು.

ದಸರಾ ರಜೆಯಲ್ಲಿ ಮೊಮ್ಮಗಳು ಪುಟ್ಟಿಯ ಜೊತೆ ಅಲ್ಲಿಗೆ ಹೋದೆ. ಭಾವನ ಮಗ ಮೋಟಾರನ್ನು ಅಂಗಳದಲ್ಲಿ ಸ್ಟ್ಯಾಂಡಿಗೆ ಬಿಗಿದು, ಅದರ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನೊಳಗೆ ಇಳಿಸಿದ. ನೀರಿಲ್ಲದೆ ಓಡಿಸಿದರೆ ಒಳಗಿನ ರಬ್ಬರ್ ಪಂಪು ಹಾಳಾಗುತ್ತದೆ. ಅವನು ಹಗ್ಗ ಎಳೆದ, ನಾನೂ ಎಳೆದೆ. ಭುಜ ನೋಯಿತೇ ಹೊರತು ಮೋಟಾರು ಕೆಮ್ಮಲೂ ಇಲ್ಲ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಕೂಡಿದ್ದನ್ನೇ ಮತ್ತೆ ಕೂಡುತ್ತ ಕೂರುತ್ತಿರಲಿಲ್ಲ. ಒಂದೊಂದೇ ವೋಚರ್ ತೆಗೆದು ಟಿಕ್ ಹಾಕುತ್ತಿದ್ದೆವು. "ಹಾಗೇ ನೋಡೋಣ" ಎಂದೆ. ಪುಟ್ಟಿ ನೋಟ್‌ಬುಕ್ ತಂದಳು. ಭಾವ ಕುರ್ಚಿಯಲ್ಲಿ ಕೂತು ಒಂದೊಂದಾಗಿ ಹೇಳಿದರು.

ನಿಲ್ಲಿಸುವ ಸ್ವಿಚ್ಚಿನ ಕೆಂಪು ದಾರ ಸಿಕ್ಕಿಸಿದೆಯೇ? ಇದೆ. ಗೇರು ನ್ಯೂಟ್ರಲ್‌ನಲ್ಲಿದೆಯೇ? ಇದೆ. ಪೆಟ್ರೋಲು? ಹಳೆಯದು, ವಾರ್ನಿಷ್ ವಾಸನೆ. ಅದನ್ನು ಕ್ಯಾನಿಗೆ ತೆಗೆದು ಹೊಸದು ಹಾಕಿದೆವು. ಆ ಮೋಟಾರಿಗೆ ಲೀಟರಿಗೆ 20 ಮಿಲಿಲೀಟರ್ ಆಯಿಲ್ ಬೆರೆಸಬೇಕು. "ಐದು ಲೀಟರಿಗೆ ನೂರು!" ಎಂದಳು ಪುಟ್ಟಿ. ಕಪ್ಪಾಗಿದ್ದ ಸ್ಪಾರ್ಕ್ ಪ್ಲಗ್ ಬದಲಾಯಿಸಿದೆವು. ಆದರೂ ಮೋಟಾರು ಮೌನ.

"ಹಾಗಾದರೆ ಕಾರ್ಬುರೇಟರ್" ಎಂದರು ಭಾವ. ನಿಂತ ಪೆಟ್ರೋಲು ಆವಿಯಾಗುತ್ತ ಗೋಂದಿನಂಥ ಅಂಟು ಉಳಿಯುತ್ತದೆ. ಬಿಚ್ಚಿ ನೋಡಿದರೆ ಸೂಜಿಮೊನೆಯಷ್ಟಿದ್ದ ತೂತು ಪೂರಾ ಮುಚ್ಚಿತ್ತು. ನಾನು ತಂತಿ ಹುಡುಕಿದೆ. "ತುರುಕಬೇಡಿ, ತೂತು ದೊಡ್ಡದಾದರೆ ಕೆಟ್ಟಿತು" ಎಂದು ಭಾವ ಕುರ್ಚಿಯಿಂದ ಎದ್ದೇ ಬಂದರು. ಕ್ಲೀನರ್ ಸಿಂಪಡಿಸಿ, ಸೈಕಲ್ ಪಂಪಿನಿಂದ ಗಾಳಿ ಊದಿ ಜೋಡಿಸಿದರು.

ಮೂರನೆಯ ಎಳೆತಕ್ಕೆ ನೀಲಿ ಹೊಗೆ, ಆಮೇಲೆ ಸದ್ದು! ಪಕ್ಕದ ತೂತಿನಿಂದ ನೀರು ಚಿಮ್ಮಿತು. ಪಂಪೂ ಸರಿಯಿದೆ ಎಂದರ್ಥ.

ಮರುದಿನ ಬೆಳಿಗ್ಗೆ ಲೈಫ್ ಜಾಕೆಟ್ ತೊಟ್ಟು ಮೂವರೂ ಕುದ್ರುವಿಗೆ ಹೊರಟೆವು. ಚುಕ್ಕಾಣಿ ಭಾವನ ಕೈಯಲ್ಲಿ, ಕೆಂಪು ದಾರ ಅವರ ಮಣಿಕಟ್ಟಿನಲ್ಲಿ. ಆಯ ತಪ್ಪಿ ಬಿದ್ದರೆ ದಾರ ಕಳಚಿ ಮೋಟಾರು ತಾನೇ ನಿಲ್ಲುತ್ತದೆ.

ಮಾರುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ.