ಎಲ್ಲ ಒಯ್ಯಿರಿ, ಹೆಸರು ಅಳಿಸಬೇಡಿ

ನಿಮ್ಮ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾನೂನು ಮಾಹಿತಿ ಎಂಬ ಪುಟವಿರುತ್ತದೆ. ಅಲ್ಲಿ ಓಪನ್ ಸೋರ್ಸ್ ಲೈಸೆನ್ಸ್‌ಗಳ ಪಟ್ಟಿ ಎಷ್ಟು ಸರಿಸಿದರೂ ಮುಗಿಯುವುದಿಲ್ಲ. ಯಾರೂ ಓದದ ಈ ಪಟ್ಟಿ ಅಲ್ಲೇಕಿದೆ? ಫೋನಿನೊಳಗಿನ ಕೋಡ್ ಬರೆದ ಎಷ್ಟೋ ಜನ ದುಡ್ಡು ಕೇಳಲಿಲ್ಲ, ಹೆಸರು ತೆಗೆಯಬೇಡಿ ಎಂದಷ್ಟೇ ಕೇಳಿದರು. ಅದಕ್ಕೆ.

ಎಂಐಟಿ ಲೈಸೆನ್ಸ್ ಮೂರೇ ಪ್ಯಾರಾದ್ದು. ಬಳಸಿ, ನಕಲು ಮಾಡಿ, ತಿದ್ದಿ, ಹಂಚಿ, ಬೇಕಿದ್ದರೆ ಮಾರಿ ಎನ್ನುತ್ತದೆ. ಷರತ್ತು ಒಂದೇ: ಹಕ್ಕುದಾರರ ಹೆಸರೂ ಈ ಅನುಮತಿ ಪತ್ರವೂ ಪ್ರತಿ ನಕಲಿನ ಜೊತೆಗಿರಬೇಕು.

ಹೆಚ್ಚು ಕೇಳಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಬಿಎಸ್‌ಡಿ ಲೈಸೆನ್ಸ್ ಸಾಕ್ಷಿ. ಜಾಹೀರಾತಿನಲ್ಲೂ ಬರ್ಕ್ಲಿ ವಿಶ್ವವಿದ್ಯಾಲಯದ ಹೆಸರು ಹಾಕಬೇಕೆಂದು ಅದು ಹೇಳುತ್ತಿತ್ತು. ಅದನ್ನು ನೋಡಿ ಉಳಿದವರೂ ತಮ್ಮ ಹೆಸರಿನ ಸಾಲು ಸೇರಿಸಿದರು. 1997ರ ನೆಟ್‌ಬಿಎಸ್‌ಡಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಇಂಥ 75 ಸಾಲು ಎಣಿಸಿದ್ದರು. 1999ರಲ್ಲಿ ಬರ್ಕ್ಲಿಯೇ ಆ ಷರತ್ತು ಕೈಬಿಟ್ಟಿತು.

ಚಿಕ್ಕ ಷರತ್ತಾದರೂ ಅದು ಬಹುದೂರ ಹೋಗುತ್ತದೆ. ಕರ್ಲ್ ಎಂಬ ಸಾಫ್ಟ್‌ವೇರ್ ಕಟ್ಟಿದ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಕಾರಿನ ಮಾಲೀಕರು ಮೇಲ್ ಬರೆದು ಕಾರಿನ ತೊಂದರೆ ಹೇಳಿಕೊಳ್ಳುತ್ತಾರೆ. ಕಾರಿನ ಪರದೆಯ ಲೈಸೆನ್ಸ್ ಪುಟದಲ್ಲಿ ಅವರಿಗೆ ಸಿಕ್ಕ ವಿಳಾಸ ಇವರದೊಂದೇ! ನಗು ಬರುತ್ತದೆ, ಆದರೆ ನಮ್ಮ ಕೆಲಸಕ್ಕೆ ಬೇಕಾದ ಪಾಠ ಇಲ್ಲೇ ಇದೆ. ಹೆಸರೆಂದರೆ ಬರೀ ಕೀರ್ತಿಯಲ್ಲ, ಪ್ರಶ್ನೆ ಇದ್ದವರು ಬಂದು ತಟ್ಟುವ ಬಾಗಿಲು.

ಕೆರೆಯ ಹೂಳಿನ ಬಗ್ಗೆ ನಾವು ಬರೆದ ವರದಿಯನ್ನು ಪತ್ರಿಕೆಯೊಂದು ಬೈಲೈನ್ ಕಿತ್ತು ಅಚ್ಚು ಹಾಕಿತು. ಲೆಕ್ಕ ಎಲ್ಲಿಂದ ಬಂತೆಂದು ಊರಿನವರು ಕೇಳಿದರೆ ಅಲ್ಲಿ ಹೇಳುವವರೇ ಇರಲಿಲ್ಲ. ವರದಿ ಬಳಸಿದ್ದಕ್ಕೆ ನಮಗೆ ಬೇಸರವಿಲ್ಲ. ಹೆಚ್ಚು ಜನಕ್ಕೆ ತಲುಪಲೆಂದೇ ಬರೆಯುತ್ತೇವೆ. ಬಾಗಿಲು ಮುಚ್ಚಿದ್ದಕ್ಕೆ ಬೇಸರ.

ಹಾಗೆಂದು ಎಂಐಟಿ ಲೈಸೆನ್ಸನ್ನೇ ಸುದ್ದಿಗೆ ಅಂಟಿಸಿದರೆ ಆಗದು. ತಿದ್ದಿದ್ದೇನೆಂದು ಹೇಳಬೇಕೆಂಬ ಒತ್ತಾಯ ಅದರಲ್ಲಿಲ್ಲ. ಯಾರೋ ಅಂಕಿ ಬದಲಿಸಿ ನಮ್ಮ ಹೆಸರು ಉಳಿಸಿದರೆ ಅದು ಕದ್ದದ್ದಕ್ಕಿಂತ ಕೆಟ್ಟದ್ದು. ಬರಹಕ್ಕೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ ಲೈಸೆನ್ಸ್ ಹೊಂದುತ್ತದೆ: ಹೆಸರು ಹಾಕಬೇಕು, ಬದಲಿಸಿದ್ದರೆ ಅದನ್ನೂ ತಿಳಿಸಬೇಕು.

ಇನ್ನೊಂದು ವ್ಯತ್ಯಾಸವೂ ಇದೆ. ಎಂಐಟಿ ಲೈಸೆನ್ಸಿನ ಕೊನೆಯ ಪ್ಯಾರಾ, ಇದ್ದ ಹಾಗೆ ಕೊಟ್ಟಿದ್ದೇವೆ, ಕೆಟ್ಟರೆ ನಾವು ಹೊಣೆಯಲ್ಲ ಎನ್ನುತ್ತದೆ. ಪುಕ್ಕಟೆ ಕೋಡ್ ಕೊಡುವವರಿಗೆ ಆ ರಕ್ಷಣೆ ನ್ಯಾಯವೇ. ಹಳ್ಳಿಯ ಸುದ್ದಿ ಬರೆಯುವ ನಮಗೆ ಆ ಮಾತು ಹೇಳುವ ಹಕ್ಕಿಲ್ಲ. ನಮ್ಮ ವರದಿಯನ್ನು ಯಾರು ಬೇಕಾದರೂ ಒಯ್ಯಲಿ, ಹೊಣೆ ಮಾತ್ರ ನಮ್ಮದೇ. ಹೆಸರು ಉಳಿಸಿ ಎಂದು ಕೇಳುವುದೂ ಅದಕ್ಕಾಗಿಯೇ.