ದಿಂಬಂ ಘಟ್ಟವೂ ಮೂರು ಸೆಂಟಿಮೀಟರೂ

ಭೂಪಟದಲ್ಲಿ ನಮ್ಮ ತಾಳವಾಡಿ ಸೀಮೆಯನ್ನು ನೋಡಿದವರಿಗೆ ಒಂದು ವಿಚಿತ್ರ ಕಾಣದೆ ಇರದು. ನಮಗೆ ಹತ್ತಿರದ ದೊಡ್ಡ ಪಟ್ಟಣವೆಂದರೆ ಚಾಮರಾಜನಗರ. ಮಾತು, ಸಂತೆ, ನೆಂಟಸ್ತಿಕೆಗಳೆಲ್ಲ ಆ ಕಡೆಗೇ. ಕಚೇರಿ, ನ್ಯಾಯಾಲಯ, ದೊಡ್ಡ ಆಸ್ಪತ್ರೆಗಳೆಂದರೆ ಬೆಟ್ಟದ ಕೆಳಗಿನ ಸತ್ಯಮಂಗಲ, ಈರೋಡು, ಕೊಯಮತ್ತೂರುಗಳು. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿಯು ಮದರಾಸಿನಲ್ಲಿಯೇ ಉಳಿಯಿತು. ಹೀಗಾಗಿ ನಮ್ಮ ನುಡಿ ಬೆಟ್ಟದ ಮೇಲೆ, ನಮ್ಮ ಮಕ್ಕಳ ಅನ್ನ ಬೆಟ್ಟದ ಕೆಳಗೆ. ನಡುವೆ ದಿಂಬಂ ಘಟ್ಟದ ಇಪ್ಪತ್ತೇಳು ಕಡಿದಾದ ತಿರುವುಗಳು.

ಈ ಘಟ್ಟವನ್ನು ನಾನು ಬಸ್ಸಿನಲ್ಲಿ, ಲಾರಿಯಲ್ಲಿ, ಒಮ್ಮೆ ಕಬ್ಬಿನ ಹೊರೆಯ ಮೇಲೂ ಕುಳಿತು ಇಳಿದಿದ್ದೇನೆ. ನೆಲಕ್ಕೆ ಗೇಣುದ್ದ ಮೇಲೆ ಕುಳಿತು ಇಳಿಯುವ ಯೋಗ ಮಾತ್ರ ಕಳೆದ ಸಂಕ್ರಾಂತಿಯ ಮರುದಿನ ಒದಗಿತು. ನನ್ನ ಅಕ್ಕನ ಮಗ ಕೊಯಮತ್ತೂರಿನ ಯಂತ್ರ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮದುವೆಯಾಗೆಂದು ನಾವೆಲ್ಲ ಹೇಳುತ್ತಿದ್ದ ಕಾಲದಲ್ಲಿ ಅವನು ಎರಡೇ ಆಸನಗಳ, ಯಾರೋ ಬಳಸಿ ಮಾರಿದ ಒಂದು ಸ್ಪೋರ್ಟ್ಸ್ ಕಾರನ್ನು ಕೊಂಡ. ತಿಂಗಳಿಗೊಮ್ಮೆ ಅದರಲ್ಲಿಯೇ ಊರಿಗೆ ಬರುತ್ತಾನೆ. ಒಂಟಿಯಾಗಿರುವ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವುದೂ ಅದರಲ್ಲಿಯೇ. ಅಕ್ಕ ಒಂದು ಕೈಯನ್ನು ಬಾಗಿಲಿಗೂ ಇನ್ನೊಂದನ್ನು ಮಗನ ಹೆಗಲಿಗೂ ಊರಿ ಅದರೊಳಗೆ ಇಳಿಯುತ್ತಾಳೆ. ಕಾರು ಹತ್ತಿದಳು ಎನ್ನುವಂತಿಲ್ಲ.

ಸಂಕ್ರಾಂತಿಯ ಊಟವಾದ ಮೇಲೆ ಅವನು ಹೇಳಿದ: "ಮಾವ, ಕಾರಿನ ಸಸ್ಪೆನ್ಷನ್ನನ್ನು ಮೂರು ಸೆಂಟಿಮೀಟರು ಇಳಿಸಬೇಕೆಂದಿದ್ದೇನೆ. ಘಟ್ಟದಲ್ಲಿ ತುಂಬಾ ವಾಲುತ್ತದೆ, ದೋಣಿಯ ಹಾಗೆ ತೇಲುತ್ತದೆ. ಗಿಡ್ಡ ಸ್ಪ್ರಿಂಗು ಹಾಕಿಸಿದರೆ ಸರಿಹೋದೀತು."

"ಈಗ ನೆಲಕ್ಕೂ ಅದಕ್ಕೂ ಎಷ್ಟು ಅಂತರವಪ್ಪ?" ಎಂದೆ. ಅಕ್ಕನ ಹೊಲಿಗೆಯ ಟೇಪು ತಂದು ಅಳೆದೆವು. ಹದಿಮೂರು ಸೆಂಟಿಮೀಟರು. ಇಳಿಸಿದರೆ ಹತ್ತು ಉಳಿಯುತ್ತದೆ. ಮನೆಯ ಮುಂದಿನ ಮಣ್ಣು ದಾರಿಯಲ್ಲಿ ಒಂದು ಕಲ್ಲು ಮೋರಿಯಿದೆ. ಈಗಲೇ ಅವನು ಅದನ್ನು ಓರೆಯಾಗಿ, ಉಸಿರು ಹಿಡಿದು ದಾಟಿಸುತ್ತಾನೆ.

"ಆಮೇಲೆ ಈ ಮೋರಿ ದಾಟುವುದಿಲ್ಲವಲ್ಲ?"

"ಇಲ್ಲ ಮಾವ. ಕಾರನ್ನು ಸತ್ಯಮಂಗಲದಲ್ಲಿ ಬಿಟ್ಟು ಬಸ್ಸಿನಲ್ಲಿ ಬಂದರಾಯಿತು."

ಅಕ್ಕ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಒಳಗೆ ಹೋದಳು. ಬಸ್ಸಿನಲ್ಲಿ ಬರುವ ಮಗ ಎಷ್ಟು ತಿಂಗಳಿಗೊಮ್ಮೆ ಬರುತ್ತಾನೆಂಬ ಲೆಕ್ಕ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೊದಲು ಸ್ವಲ್ಪ ನೋಡೋಣ, ಅವಸರ ಬೇಡ ಎಂದೆ. ಮರುದಿನ ಅವನೊಡನೆ ನಾನೂ ಹೊರಟೆ.

ಹಾಸನೂರಿನ ಬಳಿ ಹೆದ್ದಾರಿ ಸೇರುವಾಗ ಇಬ್ಬನಿ ಇನ್ನೂ ಕರಗಿರಲಿಲ್ಲ. ಇದು ಆನೆಗಳ ನಾಡು. ಈ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಬ್ಬಿನ ಲಾರಿಗಳ ವಾಸನೆ ಹಿಡಿದು ಆನೆಗಳು ರಸ್ತೆಯ ಬದಿಗೆ ಬಂದು ನಿಲ್ಲುವುದು ನಮಗೆ ಹೊಸತಲ್ಲ. ಕಾಡುಪ್ರಾಣಿಗಳ ಹಿತಕ್ಕಾಗಿ 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ಬಸ್ಸಿನ ಕಿಟಕಿಯಿಂದ ನೋಡಿದ ಆನೆ ಒಂದು ದೃಶ್ಯ. ಆ ಕಾರಿನೊಳಗಿಂದ ನೋಡಿದಾಗ ಅದರ ಮೊಣಕಾಲು ಮಾತ್ರ ನನಗೆ ಕಾಣಿಸಿತು. ಅಳಿಯ ಎಂಜಿನ್ನಿನ ಸದ್ದನ್ನು ತಗ್ಗಿಸಿ, ಬಹಳ ವಿನಯದಿಂದ ಹಾದುಹೋದ.

ದಿಂಬಂ ದಾಟಿದೊಡನೆ ಬಯಲುಸೀಮೆ ಕಾಲಡಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಮೊದಲ ನಾಲ್ಕಾರು ತಿರುವುಗಳಲ್ಲಿಯೇ ಅವನ ದೂರಿನಲ್ಲಿ ಹುರುಳಿದೆಯೆಂದು ತಿಳಿಯಿತು. ಕಾರು ತಿರುವಿನಲ್ಲಿ ಹೊರಮಗ್ಗುಲಿಗೆ ವಾಲಿ, ನೇರ ದಾರಿಗೆ ಬಂದ ಮೇಲೂ ಎರಡು ಸಲ ತೂಗಾಡಿ ಸುಮ್ಮನಾಗುತ್ತಿತ್ತು. ಹುಲ್ಲಿನ ಗಾಡಿಯನ್ನೂ ರಾಗಿಮೂಟೆಯ ಗಾಡಿಯನ್ನೂ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾರ ಎತ್ತರದಲ್ಲಿದ್ದರೆ ಗಾಡಿ ಮಗುಚಲು ನೋಡುತ್ತದೆ, ತಳದಲ್ಲಿದ್ದರೆ ನೆಲಕ್ಕೆ ಕಚ್ಚಿ ನಡೆಯುತ್ತದೆ. ಕಾರನ್ನು ಇಳಿಸುವುದರ ಹಿಂದಿನ ತರ್ಕವೂ ಇಷ್ಟೇ.

ಮೂವತ್ತು ವರ್ಷ ಗಣಿತ ಕಲಿಸಿದವನಾದ್ದರಿಂದ ನಾನು ಲೆಕ್ಕ ಹಾಕದೆ ಬಿಡಲಿಲ್ಲ. 1400 ಕಿಲೋ ತೂಕದ ಕಾರು. ಭಾರದ ಕೇಂದ್ರ ನೆಲದಿಂದ 50 ಸೆಂಟಿಮೀಟರು. ಎಡಬಲ ಚಕ್ರಗಳ ನಡುವೆ 150 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ತಿರುವಿನ ಸೆಳೆತವು ತೂಕದ ಅರ್ಧದಷ್ಟಿದ್ದರೆ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸುಮಾರು 233 ಕಿಲೋ ಭಾರ ವರ್ಗವಾಗುತ್ತದೆ. ಮೂರು ಸೆಂಟಿಮೀಟರು ಇಳಿಸಿದರೆ ಅದು 219 ಆಗುತ್ತದೆ. ಉಳಿತಾಯ ಹದಿನಾಲ್ಕು ಕಿಲೋ. ಓಟದ ಪಂದ್ಯದಲ್ಲಿ ಇದು ದೊಡ್ಡ ಮಾತಾದೀತು; ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ, ಎದುರಿನ ಲಾರಿಗೆ ದಾರಿ ಬಿಡುತ್ತ ಇಳಿಯುವವನಿಗೆ ಎಷ್ಟರ ಮಾತು?

ಬಣ್ಣಾರಿ ಅಮ್ಮನ ಗುಡಿಯ ಮುಂದೆ ಕೈಮುಗಿದು, ಸತ್ಯಮಂಗಲದಲ್ಲಿ ಭವಾನಿ ಹೊಳೆಯನ್ನು ದಾಟಿ, ಪುಳಿಯಂಪಟ್ಟಿ, ಅನ್ನೂರುಗಳ ದಾರಿ ಹಿಡಿದೆವು. ಇಲ್ಲಿ ತೊಂದರೆ ತಿರುವಿನದಲ್ಲ, ರಸ್ತೆಯ ಉಬ್ಬುಗಳದು. ಎಣಿಸಲು ಹೊರಟವನಿಗೆ ಹತ್ತೊಂಬತ್ತಕ್ಕೆ ಲೆಕ್ಕ ತಪ್ಪಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯಂತೆ ಉಬ್ಬು 3.7 ಮೀಟರು ಅಗಲ, ನಡುವೆ ಹತ್ತು ಸೆಂಟಿಮೀಟರು ಎತ್ತರವಿದ್ದು, 17 ಮೀಟರು ತ್ರಿಜ್ಯದ ಕಮಾನಿನಂತೆ ಮೆಲ್ಲನೆ ಏರಿ ಇಳಿಯಬೇಕು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎರಡೂವರೆ ಮೀಟರು ದೂರವಿರುವ ಕಾರು ಅಂಥ ಕಮಾನಿನ ಮೇಲೆ ನಿಂತಾಗ ಹೊಟ್ಟೆಯ ಕೆಳಗೆ ನೆಲ ಉಬ್ಬುವುದು ಐದು ಸೆಂಟಿಮೀಟರಿಗೂ ಕಡಿಮೆ. ಹತ್ತು ಸೆಂಟಿಮೀಟರು ಅಂತರದ ಕಾರೂ ಅದನ್ನು ಸಲೀಸಾಗಿ ದಾಟೀತು. ಆದರೆ ಊರವರು ತಾವೇ ಕಟ್ಟಿಕೊಂಡ ಉಬ್ಬು ಮೊಳದಗಲದ್ದು; ಎರಡೂ ಚಕ್ರಗಳ ನಡುವೆ ಪೂರ್ತಿಯಾಗಿ ಎದ್ದು ನಿಲ್ಲುವಂಥದು. ಅಲ್ಲಿ ಅದರ ಎತ್ತರವೇ ಕೊನೆಯ ಮಾತು. ಮಕ್ಕಳು ಆಡುವ ಬೀದಿಯಲ್ಲಿ ಅವರು ಅದನ್ನು ಏಕೆ ಕಟ್ಟಿದರೆಂದು ಕೇಳುವ ಹಕ್ಕೂ ನಮ್ಮಂಥ ಕಾರಿನವರಿಗೆ ಇಲ್ಲ.

ಕೊಯಮತ್ತೂರನ್ನು ಜನ ನೂಲಿನ ಗಿರಣಿಗಳಿಗೂ ಪಂಪುಸೆಟ್ಟುಗಳಿಗೂ ಬಲ್ಲರು. ಕಾರಿನ ಓಟದ ಹುಚ್ಚಿಗೂ ಅದು ತವರು. ಇಲ್ಲಿನ ಎಸ್. ಕರಿವರ್ಧನ್ ಮಾರುತಿ ಕಾರಿನ ಎಂಜಿನ್ನನ್ನು ಬಳಸಿ ಒಂಟಿ ಆಸನದ ಪುಟ್ಟ ಓಟದ ಕಾರನ್ನು ರೂಪಿಸಿ, ಸಾಮಾನ್ಯ ಯುವಕರಿಗೂ ಆ ಆಟ ಕೈಗೆಟುಕುವಂತೆ ಮಾಡಿದರು. 1995ರಲ್ಲಿ ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು. ಊರಿನ ದಕ್ಷಿಣಕ್ಕೆ ಚೆಟ್ಟಿಪಾಳಯದಲ್ಲಿ 2003ರಲ್ಲಿ ತೆರೆದ 2.1 ಕಿಲೋಮೀಟರು ಉದ್ದದ ಓಟದ ಪಥಕ್ಕೆ ಅವರದೇ ಹೆಸರು. 2005ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕಿಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಈ ಊರಿನವರೇ.

ಆ ದಿನ ಪಥದಲ್ಲಿ ಹವ್ಯಾಸಿಗಳ ಅಭ್ಯಾಸವಿತ್ತು. ಬಿಸಿಲಿಗೆ ಹೊಳೆಯುವ ಕರಿಯ ಡಾಂಬರು, ಸುತ್ತ ಒಣಹುಲ್ಲು, ಸುಟ್ಟ ರಬ್ಬರಿನ ವಾಸನೆ. ಅಳಿಯನ ಗೆಳೆಯನೊಬ್ಬನ ಕಾರು ಆಗಲೇ ಇಳಿಸಿದ್ದು. ಅಳಿಯ ಅದರಲ್ಲಿ ನಾಲ್ಕು ಸುತ್ತು ಹೊಡೆದು ಮುಖವರಳಿಸಿ ಬಂದ. "ಮಾವ, ನೆಲಕ್ಕೆ ಅಂಟಿಕೊಂಡ ಹಾಗಿದೆ!" ಅದು ಸುಳ್ಳಲ್ಲ. ಅಂಗೈಯಂಥ ನೆಲದಲ್ಲಿ ತಗ್ಗಿದ ಕಾರೇ ಮೇಲು. ಅವನ ಸಂತೋಷವನ್ನು ಕಂಡು, ನಾನು ಹಾಕಿದ ಲೆಕ್ಕವನ್ನೆಲ್ಲ ಜೇಬಿನಲ್ಲಿಯೇ ಇಟ್ಟುಕೊಂಡೆ.

ಮಾತು ತೆಗೆದವನು ಅಲ್ಲಿದ್ದ ವಯಸ್ಸಾದ ಮೇಸ್ತ್ರಿ. ಅವನು ನಮ್ಮ ಕಾರಿನ ಮುಂಭಾಗದ ಮೂಲೆಯನ್ನು ಎರಡೂ ಕೈಗಳಿಂದ ಅದುಮಿ ಬಿಟ್ಟ. ಕಾರು ಮೂರು ಸಲ ಮೇಲೆ ಕೆಳಗೆ ಕುಣಿಯಿತು. ಗೆಳೆಯನ ಕಾರು ಒಮ್ಮೆ ಎದ್ದು ಅಲ್ಲಿಯೇ ನಿಂತಿತು. "ತಂಬಿ, ನಿನ್ನ ಕಾರು ಎತ್ತರವಾಗಿಲ್ಲ, ಅದರ ಶಾಕ್ ಅಬ್ಸಾರ್ಬರು ಸತ್ತಿದೆ" ಎಂದು ತಮಿಳಿನಲ್ಲಿ ಹೇಳಿದ. ಭಾರ ಹೊರುವುದು ಸ್ಪ್ರಿಂಗಿನ ಕೆಲಸ, ಅದರ ಕುಣಿತವನ್ನು ಅಡಗಿಸುವುದು ಶಾಕಿನ ಕೆಲಸ. ಟೈರಿನ ಒಳ ಅಂಚೂ ಸವೆದು ಬೋಳಾಗಿತ್ತು.

ಇನ್ನೂ ಒಂದು ಮಾತನ್ನು ಅವನು ಚಾಕ್‌ಪೀಸಿನಿಂದ ನೆಲದ ಮೇಲೆ ಬರೆದು ತೋರಿಸಿದ. ಕಾರಿನ ದೇಹ ವಾಲುವುದು ಒಂದು ಕಲ್ಪಿತ ಬಿಂದುವಿನ ಸುತ್ತ. ನಮ್ಮ ಕಾರಿನಂತೆ ಮುಂದೆ ಸ್ಟ್ರಟ್ ಜೋಡಣೆಯಿರುವ ಕಾರುಗಳಲ್ಲಿ ದೇಹವನ್ನು ಇಳಿಸಿದರೆ ಆ ಬಿಂದು ದೇಹಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಆಗ ಭಾರಕ್ಕೂ ಬಿಂದುವಿಗೂ ನಡುವಿನ ಸನ್ನೆಗೋಲು ಉದ್ದವಾಗಿ, ವಾಲುವ ಒತ್ತಡ ಕಡಿಮೆಯಾಗುವ ಬದಲು ಹೆಚ್ಚಾದೀತು. ಅದನ್ನು ತಡೆಯಲು ಬಿರುಸಾದ ಸ್ಪ್ರಿಂಗು ಬೇಕು. ಬಿರುಸಾದ ಸ್ಪ್ರಿಂಗು ಪಥದಲ್ಲಿ ಗುಣ. ಕುಳಿಬಿದ್ದ ಘಟ್ಟದಲ್ಲಿ ಟೈರನ್ನು ನೆಲದಿಂದ ಎಗರಿಸುವ ದೋಷ. ಚಕ್ರ ಮೇಲೇಳಲು ಇದ್ದ ಅವಕಾಶವೂ ಕುಗ್ಗಿ, ಚಾಸಿಸ್ಸು ರಬ್ಬರಿನ ತಡೆಗೆ ಬಡಿಯುತ್ತದೆ. ಇಳಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟನ್ನೂ ದೀಪಗಳ ದಿಕ್ಕನ್ನೂ ಹೊಸದಾಗಿ ಸರಿಪಡಿಸಬೇಕು.

ಕಾನೂನಿನ ಮಾತೂ ಇದೆ. ತಯಾರಕರು ಗೊತ್ತುಪಡಿಸಿದ, ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆಯೂ ಅದೇ ಆದೀತು.

ಅಳಿಯ ಬಹಳ ಹೊತ್ತು ಆ ಚಾಕ್‌ಪೀಸಿನ ಗೆರೆಗಳನ್ನು ನೋಡುತ್ತ ನಿಂತಿದ್ದ. ನಾನು ಅಮ್ಮನ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಅವನು ಒಪ್ಪಿಕೊಳ್ಳುತ್ತಿದ್ದ. ಆದರೆ ಹಾಗೆ ಒಪ್ಪಿದ ಮಾತು ಮನಸ್ಸಿನಲ್ಲಿ ಕಲ್ಲಾಗಿ ಉಳಿಯುತ್ತದೆ. ಕೊನೆಗೆ ಅವನೇ, "ಹೊಸ ಶಾಕು, ಹೊಸ ಟೈರು ಹಾಕಿಸಿ ನೋಡುತ್ತೇನೆ ಮಾವ. ಆಮೇಲೂ ತೇಲಿದರೆ ಯೋಚಿಸೋಣ" ಎಂದ.

ಸಂಜೆಯೊಳಗೆ ಘಟ್ಟ ಹತ್ತಬೇಕೆಂದು ನಾನು ಬೇಗನೆ ಬಸ್ಸು ಹಿಡಿದೆ. ಅಷ್ಟೆತ್ತರದ ಸೀಟಿನಲ್ಲಿ ಕುಳಿತಾಗ ಕಣಿವೆ ಪೂರ್ತಿ ಕಂಡಿತು, ಭವಾನಿಸಾಗರದ ನೀರು ದೂರದಲ್ಲಿ ಮಿನುಗಿತು. ಪ್ರತಿ ತಿರುವಿನಲ್ಲಿಯೂ ಬಸ್ಸು ಹುಲ್ಲಿನ ಗಾಡಿಯಂತೆ ವಾಲಿತು. ಆದರೆ ಅದು ಊರಿನವರೆಗೆ ಹೋಗುತ್ತದೆ.

ಮುಂದಿನ ತಿಂಗಳು ಅಳಿಯ ಕಾರಿನಲ್ಲಿಯೇ ಬಂದ. ತೂಗಾಟ ನಿಂತಿತ್ತು, ವಾಲುವುದು ಸ್ವಲ್ಪ ಉಳಿದಿತ್ತು, ಅದರ ಬಗ್ಗೆ ಅವನು ಈಗಲೂ ಗೊಣಗುತ್ತಾನೆ. ಪಥದ ಅಭ್ಯಾಸಕ್ಕೆ ಗೆಳೆಯನ ಕಾರಿದೆ. ಮೋರಿಯ ಹತ್ತಿರ ಎಂದಿನಂತೆ ಓರೆಯಾಗಿ ತಿರುಗಿಸಲು ಹೋದವನು ತಟ್ಟನೆ ನಿಲ್ಲಿಸಿದ. ಕಲ್ಲಿನ ಎರಡೂ ಬದಿಗೆ ಜಲ್ಲಿ, ಮಣ್ಣು ಸುರಿದು, ಗಟ್ಟಿಯಾಗಿ ದಿಮ್ಮಿಸಿ, ಉದ್ದಕ್ಕೆ ಇಳಿಜಾರು ಮಾಡಲಾಗಿತ್ತು. ನಾವು ಕೊಯಮತ್ತೂರಿಗೆ ಹೋದ ದಿನವೇ ಅಕ್ಕ ಇಬ್ಬರು ಆಳುಗಳನ್ನು ಕರೆಸಿ ಈ ಕೆಲಸ ಮಾಡಿಸಿದ್ದಳಂತೆ.

"ಇದು ಏನಕ್ಕಮ್ಮ?" ಎಂದು ಅವನು ಕೇಳಿದ.

"ಹತ್ತು ಸೆಂಟಿಮೀಟರಿಗೆ ಸಾಕಾಗುತ್ತದೋ ಇಲ್ಲವೋ, ನಿನ್ನ ಮಾವನನ್ನು ಕೇಳು. ಲೆಕ್ಕ ಅವನದು" ಎಂದಳು ಅಕ್ಕ, ಸೆರಗಿಗೆ ಕೈ ಒರೆಸಿಕೊಳ್ಳುತ್ತ.