ಅಡಿದಾರ

ಆಷಾಢದ ಮಳೆ ಹಿಡಿದುಕೊಂಡಿತೆಂದರೆ ನಮ್ಮ ದೊಡ್ಮನೆ ಸೀಮೆಯಲ್ಲಿ ಹೊಲಿಗೆ ಮಶೀನಿನ ಮುಚ್ಚಳ ತೆಗೆಯುವ ಕಾಲ ಬಂದಂತೆ. ತೋಟಕ್ಕೆ ಮದ್ದು ಹೊಡೆಯೋಣವೆಂದರೆ ಹೊಳವಾಗಬೇಕು. ಅಂಗಳದಲ್ಲಿ ಏನನ್ನೂ ಹರವುವಂತಿಲ್ಲ. ಜಗಲಿಯ ಕಿಟಕಿ ಪಕ್ಕದ ಬೆಳಕಿಗೆ ಮಶೀನನ್ನು ಎಳೆದುಕೊಂಡರೆ ದಿಂಬಿನ ಚೀಲ, ಹರಿದ ಲಂಗದ ಅಂಚು, ಚೌತಿಗೆಂದು ತಂದಿಟ್ಟ ಮಕ್ಕಳ ಬಟ್ಟೆ ಎಲ್ಲ ಒಂದೊಂದಾಗಿ ಹೊರಬರುತ್ತವೆ. ಅದರ ಬೆನ್ನಿಗೇ ದೂರೂ ಬರುತ್ತದೆ: 'ಹೊಲಿಗೆ ಸರಿ ಬೀಳ್ತಾ ಇಲ್ಲೆ.' ದೂರು ಹೇಳಿದವರ ಕೈ ತಾನಾಗಿಯೇ ಮಶೀನಿನ ಮುಖದ ಮೇಲಿನ ತಿರುಪಿಗೆ ಹೋಗುತ್ತದೆ. ಕಣ್ಣಿಗೆ ಕಾಣುವುದು ಅದೊಂದೇ ಅಲ್ಲವೇ! ಹೊಲಿಗೆ ಕಲಿಸಿದ ಅತ್ತೆ ಆ ಕೈಯನ್ನು ಅಲ್ಲಿಯೇ ತಡೆಯುತ್ತಿದ್ದರು. 'ಮೇಲಿಂದು ಮುಟ್ಟಡ ತಂಗಿ, ಮೊದ್ಲು ಅಡಿದಾರ ನೋಡು.'

ಈ ಮಾತಿನಲ್ಲಿ ನನಗೆ ಪೂರ್ಣ ನಂಬಿಕೆ. ಮಶೀನು ಕೊಳ್ಳುವಾಗ ಬಣ್ಣ, ಕಾಲ್ಮಣೆ, ಗಾಲಿ, ಮರದ ಮೇಜು ಎಲ್ಲವನ್ನೂ ತಿರುಗಿಸಿ ನೋಡುತ್ತೇವೆ. ಅಡಿದಾರ ಸುತ್ತಿಕೊಂಡು ಸೂಜಿಯ ಕೆಳಗೆ ಕತ್ತಲಲ್ಲಿ ಕೂತಿರುವ ಬಾಬಿನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ಹೊಲಿಗೆಯಲ್ಲಿ ಅರ್ಧ ಪಾಲು ಅದರದೇ. ಸೂಜಿ ಬಟ್ಟೆಯ ಅಡಿಗಿಳಿದು ಮೇಲೇಳುವ ಗಳಿಗೆಯಲ್ಲಿ ದಾರ ಕೊಂಚ ಸಡಿಲಾಗಿ ಕುಣಿಕೆಯಾಗುತ್ತದೆ. ಕೊಕ್ಕೆಯ ಚೂಪುಮೂತಿ ಆ ಕುಣಿಕೆಯನ್ನು ಹಿಡಿದು ಬಾಬಿನ್ ಕೂತ ಕೇಸನ್ನು ಪೂರ್ತಿ ಸುತ್ತಿಸಿ ಬಿಡುತ್ತದೆ. ಅಡಿದಾರ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಎರಡೂ ಎಳೆಗಳು ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಹೆಣೆದುಕೊಳ್ಳುತ್ತವೆ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಮಶೀನಿನಲ್ಲಿ ಅಡಿದಾರ ಮಗ್ಗದಲ್ಲಿರುವಂಥ ಲಾಳಿಯೊಳಗೆ ಕೂತು ಆಚೀಚೆ ಓಡುತ್ತಿತ್ತು. ಐದಾರು ವರ್ಷಗಳಲ್ಲೇ ಆಲನ್ ವಿಲ್ಸನ್ ಎಂಬಾತ ತಿರುಗುವ ಕೊಕ್ಕೆಯನ್ನೂ ದುಂಡನೆಯ ಬಾಬಿನ್ನನ್ನೂ ರೂಪಿಸಿ ಆ ಓಡಾಟವನ್ನು ತಪ್ಪಿಸಿದ. ಸಿಂಗರ್‌ನ ಹೆಸರು ಎಲ್ಲರಿಗೂ ಗೊತ್ತು. ವಿಲ್ಸನ್ನನ ಹೆಸರೂ ಅಷ್ಟೇ ಗೊತ್ತಿರಬೇಕಿತ್ತು.

ಬಾಬಿನ್ ಬೇಕಾದಾಗ ಬರಿಗೈಯಲ್ಲಿ ಸಿದ್ದಾಪುರ ಪೇಟೆಗೆ ಹೋಗಬಾರದು. ಹಳೆಯ ಬಾಬಿನ್ನನ್ನೂ ಅದರ ಕೇಸನ್ನೂ ಚೀಟಿಯಲ್ಲಿ ಸುತ್ತಿ ಒಯ್ಯಬೇಕು. ಕಾಲ್ಮಣೆಯ ಕಪ್ಪು ಉಷಾ ಮಶೀನುಗಳಿಗೆ ಸಾಮಾನ್ಯವಾಗಿ ಕೂರುವುದು ಎರಡೂ ಬದಿ ಚಪ್ಪಟೆಯಾದದ್ದು. ಕೆಲವು ಬೇರೆ ಮಶೀನುಗಳದ್ದು ಬದಿಯಲ್ಲಿ ಸ್ವಲ್ಪ ಉಬ್ಬಿರುತ್ತದೆ. ಎದುರಿಗೆ ಒಂದೇ ಥರ ಕಂಡರೂ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಸಾಕು, ಒಳಗೆ ಕಟಕಟ ಎನ್ನಲು ಶುರುವಾಗುತ್ತದೆ. ಹೊಸದನ್ನು ಅಂಗಡಿಯ ಗಾಜಿನ ಮೇಲೆ ಅಂಚೂರಿ ನಿಲ್ಲಿಸಿ ಉರುಳಿಸಿ ನೋಡಬೇಕು. ನೆಟ್ಟಗೆ ಹೋದರೆ ಸರಿ. ಓಲಾಡುತ್ತ ಹೋದರೆ ಅಂಚು ಬಾಗಿದೆ ಎಂದರ್ಥ. ಅಂಥದ್ದು ಒಂದು ಸುತ್ತಿಗೆ ದಾರ ಬಿಟ್ಟು ಇನ್ನೊಂದು ಸುತ್ತಿಗೆ ಹಿಡಿಯುತ್ತದೆ. ಅಂಚಿನ ಮೇಲೆ ಉಗುರು ಹಾಯಿಸಿ ನೋಡಿ, ಎಲ್ಲಿಯೂ ಚುಚ್ಚಬಾರದು. ಪ್ಲಾಸ್ಟಿಕ್ಕಿನದು ತುಕ್ಕು ಹಿಡಿಯುವುದಿಲ್ಲ, ಒಳಗೆಷ್ಟು ದಾರ ಉಳಿದಿದೆ ಎಂಬುದೂ ಕಾಣುತ್ತದೆ. ಆದರೂ ಉಕ್ಕಿನ ಕೇಸಿಗೆ ಉಕ್ಕಿನ ಬಾಬಿನ್ನೇ ಇರಲಿ ಎಂಬುದು ನನ್ನ ಹಟ. ನಮ್ಮ ಮಳೆಗಾಲದ ಥಂಡಿಗೆ ತುಕ್ಕು ಬಂದೀತು, ನಿಜ. ಎಣ್ಣೆಬಟ್ಟೆಯಲ್ಲಿ ಒರೆಸಿ ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಟ್ಟರೆ ತಲೆಮಾರು ದಾಟುತ್ತದೆ. ಬಣ್ಣಕ್ಕೊಂದು ಬಾಬಿನ್ ಇದ್ದರೆ ಇನ್ನೂ ಅನುಕೂಲ. ಹಳೆಯ ಬಿಳಿದಾರದ ಮೇಲೇ ಕೆಂಪುದಾರ ಸುತ್ತುವ ಉಳಿತಾಯ ಬೇಡ. ಒಳದಾರದ ತುದಿ ಎಲ್ಲಾದರೂ ಸಿಕ್ಕಿಕೊಂಡು ಹೊಲಿಗೆ ನಿಲ್ಲಿಸುತ್ತದೆ.

ಸುತ್ತುವುದಕ್ಕೂ ಒಂದು ಕ್ರಮವಿದೆ. ಕೈಗಾಲಿಯ ನಡುವಿನ ತಿರುಪು ಸಡಿಲಿಸಿದರೆ ಸೂಜಿ ಸುಮ್ಮನಾಗುತ್ತದೆ, ಗಾಲಿ ಮಾತ್ರ ತಿರುಗುತ್ತದೆ. ದಾರವನ್ನು ನೇರ ಉಂಡೆಯಿಂದ ಎಳೆಯದೆ, ಸಣ್ಣ ಬಿಲ್ಲೆಗಳ ನಡುವೆ ಹಾಯಿಸಿಯೇ ಬಾಬಿನ್ನಿಗೆ ಕೊಡಬೇಕು. ಆಗ ಸುತ್ತು ಗಟ್ಟಿಯಾಗಿ, ಒಂದರ ಪಕ್ಕಕ್ಕೊಂದು ಕೂರುತ್ತದೆ. ಬೆರಳಲ್ಲಿ ಒತ್ತಿದರೆ ತಗ್ಗಬಾರದು. ಅಂಚಿಗಿಂತ ತುಸು ಕಡಿಮೆ ತುಂಬಿದಾಗಲೇ ನಿಲ್ಲಿಸಬೇಕು. ಅಂಚು ಮೀರಿ ಉಬ್ಬಿದ್ದು ಕೇಸಿನಲ್ಲಿ ತಿರುಗದೆ ಹಟ ಹಿಡಿಯುತ್ತದೆ.

ಇನ್ನು ಬಿಗಿ. ಕೇಸಿನ ಮೈಮೇಲೆ ತೆಳ್ಳನೆಯ ಉಕ್ಕಿನ ಪಟ್ಟಿಯೊಂದಿದೆ, ದಾರ ಅದರಡಿ ನುಸುಳಿ ಹೊರಬರುತ್ತದೆ. ಬಾಬಿನ್ ಕೂರಿಸಿ, ದಾರದ ತುದಿ ಹಿಡಿದು ಕೇಸನ್ನು ಗಾಳಿಯಲ್ಲಿ ನೇತುಬಿಡಿ. ತನ್ನಷ್ಟಕ್ಕೆ ಸರ್ರನೆ ನೆಲಕ್ಕಿಳಿದರೆ ಸಡಿಲ. ಕೈಯನ್ನು ಚಕ್ಕನೆ ಮೇಲೆತ್ತಿದರೂ ಅಲುಗದಿದ್ದರೆ ಅತಿ ಬಿಗಿ. ಸುಮ್ಮನೆ ನೇತಿದ್ದು, ಕೈ ಜಗ್ಗಿದಾಗ ಒಂದೆರಡು ಅಂಗುಲ ಇಳಿದು ನಿಂತರೆ ಹದ. ಪಟ್ಟಿಯ ಮೇಲಿನ ಸಣ್ಣ ತಿರುಪನ್ನು ಕಾಲುಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬೇಡಿ. ಅದು ಜಾರಿ ನೆಲಕ್ಕೆ ಬಿದ್ದರೆ ಸಿಗುವುದು ಕಷ್ಟ, ಕೆಳಗೊಂದು ಬಿಳಿ ಬಟ್ಟೆ ಹಾಸಿಕೊಳ್ಳಿ. ಅಡಿದಾರ ಹದಕ್ಕೆ ಬಂದ ಮೇಲೆ ಮಶೀನಿನ ಮುಖದ ತಿರುಪಿನ ಸರದಿ. ಮೇಲೆ ಕೆಂಪು, ಅಡಿಗೆ ಬಿಳಿ ಹಾಕಿ ಚಿಂದಿಯ ಮೇಲೆ ಹೊಲಿದರೆ ಯಾವುದು ಯಾವುದನ್ನು ಎಳೆಯುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ನೇತುಬಿಟ್ಟ ತೂಕದಿಂದ ದಾರದ ಹದ ಕಾಯುವ ಈ ಉಪಾಯ ಮಶೀನಿಗಿಂತ ಬಹಳ ಹಳೆಯದು. ನೂಲು ತೆಗೆಯುವ ತಕಲಿ ಮಾಡುವುದೂ ಇದನ್ನೇ. ತೂಕ ಹೆಚ್ಚಾದರೆ ಎಳೆ ಕಡಿಯುತ್ತದೆ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ ಸೀಮೆ ಕರನಿರಾಕರಣೆಯ ಕಾವಿನಲ್ಲಿತ್ತು. 1926ರಲ್ಲಿ ದೊಡ್ಮನೆಯಲ್ಲಿ ಹುಟ್ಟಿ ಮುಂದೆ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಆಗಿನ್ನೂ ಹುಡುಗ. ಹಂಜಿ, ತಕಲಿ, ಲಡಿ ಎಂಬುವೆಲ್ಲ ಮನೆಮಾತಾಗಿದ್ದ ಕಾಲ. ಆ ಚಳವಳಿಗೆ ಚರಕ ಕೊಟ್ಟ ಗಾಂಧೀಜಿಯವರೇ 1924ರಲ್ಲಿ ಯಂತ್ರಗಳ ಮಾತು ಬಂದಾಗ ಸಿಂಗರ್ ಹೊಲಿಗೆ ಮಶೀನಿಗೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂದು ಅವರು ನಂಬಿದ್ದರು. ಆ ಕಾರಣ ನನಗೂ ಇಷ್ಟ.

ತೂಕದಿಂದಲೇ ದಾರದ ಹದ ಕಾಯುವ ಇಂಥದೇ ಸಲಕರಣೆ ಹೊರದೇಶದ ಗಾಳದವರ ಬಳಿಯೂ ಇದೆ. ಕೊಕ್ಕೆಗೆ ಪುಕ್ಕ, ರೋಮ, ನೂಲು ಸುತ್ತಿ ಮೀನಿಗೆ ಹುಳದಂತೆ ಕಾಣುವ ಹುಸಿನೊಣ ಕಟ್ಟುವಾಗ ಅವರು ದಾರದುಂಡೆಯನ್ನು ಎರಡು ತಂತಿತೋಳುಗಳ ನಡುವೆ ಸಿಕ್ಕಿಸಿ, ದಾರವನ್ನು ಸಪೂರ ಕೊಳವೆಯೊಂದರಲ್ಲಿ ಹಾಯಿಸುತ್ತಾರೆ. ಅದಕ್ಕೂ ಬಾಬಿನ್ ಎಂದೇ ಹೆಸರು. ಪುಕ್ಕ ಹುಡುಕಲು ಕೈಬಿಟ್ಟರೆ ಅದು ಕೊಕ್ಕೆಯಿಂದ ನೇತುಬಿದ್ದು ತನ್ನ ತೂಕದಲ್ಲೇ ಸುತ್ತು ಸಡಿಲಾಗದಂತೆ ಕಾಯುತ್ತದೆ. ಕೊಳವೆಯ ಬಾಯಿ ಒರಟಾಗಿದ್ದರೆ ದಾರ ತುಂಡಾಗುತ್ತದೆಂದು ಬಲ್ಲವರು ಪಿಂಗಾಣಿ ಬಾಯಿಯದನ್ನು ಆರಿಸುತ್ತಾರೆ. ತೋಳು ಹೆಚ್ಚು ಬಿಗಿಯಿದ್ದರೆ ಕೊಂಚ ಅಗಲಿಸಿಕೊಳ್ಳುತ್ತಾರೆ. ಹಾಗೆ ಕಟ್ಟಿದ ಹಳೆಯ ನಮೂನೆಗಳಲ್ಲಿ ನಮ್ಮ ಘಟ್ಟದ ಕಾಡುಕೋಳಿಯ ಪುಕ್ಕವೂ ಇತ್ತು! ಹುಂಜದ ಕೊರಳ ಗರಿಯ ತುದಿಯಲ್ಲಿ ಮೇಣದ ಹನಿ ಅಂಟಿದಂಥ ಹೊಳೆಯುವ ಚುಕ್ಕಿಗಳಿವೆಯಲ್ಲ, ಅದಕ್ಕಾಗಿ ಬ್ರಿಟನ್ನಿನವರು ಅದನ್ನು ತರಿಸಿಕೊಳ್ಳುತ್ತಿದ್ದರು. 1902ರಲ್ಲಿ ಭಾರತದಿಂದ ಕಾಡುಹಕ್ಕಿಗಳ ಪುಕ್ಕದ ರಫ್ತಿಗೆ ನಿಷೇಧ ಬಂತು. ಈಗ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಇವತ್ತಿಗೂ ಬೆಳಗಿನ ಜಾವ ತೋಟದಾಚೆಯ ಬೆಟ್ಟದಿಂದ ಅದರ ಕೂಗು ಕೇಳುತ್ತದೆ ಎಂಬುದೇ ನನಗೆ ದೊಡ್ಡ ಸಮಾಧಾನ.

ಬಾಬಿನ್ನೇ ಇಲ್ಲದ ಹೊಲಿಗೆಯೂ ನಮ್ಮ ಜಿಲ್ಲೆಯಲ್ಲಿದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಹೆಂಗಸರು ಹಳೆಯ ಸೀರೆಗಳ ಮೇಲೆ ಬಣ್ಣದ ತುಂಡುಗಳನ್ನಿಟ್ಟು ಒಂದೇ ದಾರದಲ್ಲಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಅಲ್ಲಿ ದಾರದ ಬಿಗಿ ಪೂರ್ತಿ ಬೆರಳಿನದೇ. ಅಂಥ ಕೌದಿ ಹರಿದರೆ ದಯವಿಟ್ಟು ಮಶೀನಿಗೆ ಕೊಡಬೇಡಿ. ಎರಡು ದಾರದ ಬಿಗಿ ಹೊಲಿಗೆ ಬಿದ್ದಲ್ಲಿ ಸವೆದ ಸೀರೆಯ ಪದರ ಸಾಲಾಗಿ ಹರಿಯುತ್ತದೆ. ಅಷ್ಟೇ ಮೆತ್ತಗಿನ ಹಳೆಯ ಬಟ್ಟೆಯ ತುಂಡೊಂದನ್ನು ಮೇಲಿಟ್ಟು, ಕೈಸೂಜಿಯಲ್ಲಿ, ಅವರು ಹಾಕಿದಷ್ಟೇ ಉದ್ದದ ಹೊಲಿಗೆ ಹಾಕಿ.